ಬೇಡವೆನ್ನಲಾಗದ ಚಿಟಿಕೆ

ಫೆಬ್ರವರಿ ೩

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ಫೋನು ಕೈಯಲ್ಲಿರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಹುಬ್ಬೇರಿಸುತ್ತಿರಬಹುದು. ನೀನು ಫೋನನ್ನು ಸ್ಪೀಕರಿಗೆ ಹಾಕಿಕೊಂಡು ತರಕಾರಿ ಹೆಚ್ಚುತ್ತಾ ಮಾತಾಡುವವಳು. ಭಾವ ಪಕ್ಕದಲ್ಲೇ ಕೂತು ಪೇಪರು ಓದುತ್ತಾ ನನ್ನ ಮಾತಿಗೆಲ್ಲ ಹೂಂಗುಟ್ಟುತ್ತಾರೆ. ಇದು ಹಾಗೆ ಹೇಳುವ ವಿಷಯವಲ್ಲ. ಓದಿದ ಮೇಲೆ ಹರಿದು ಹಾಕು. ಭಾವನಿಗೂ ಹೇಳಬೇಡ. ಈ ವಯಸ್ಸಿನಲ್ಲಿ ನಿನ್ನಿಂದ ಆಣೆ ಮಾಡಿಸುವುದು ಚೆನ್ನಾಗಿರುವುದಿಲ್ಲ, ಆದರೂ ಇದನ್ನು ಆಣೆ ಎಂದೇ ತಿಳಿದುಕೋ.

ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ನನ್ನ ಎದೆ ಎರಡೂ ಕಡೆ ಒಂದೇ ಸಮ ಇಲ್ಲ. ಎಡಗಡೆ ಬೆಳೆದ ಹಾಗೆ ಬಲಗಡೆ ಬೆಳೆಯಲೇ ಇಲ್ಲ. ಸ್ವಲ್ಪ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದಂತೆ, ನನ್ನದು ಸ್ವಲ್ಪವಲ್ಲ. ಹುಡುಗಿಯಾಗಿದ್ದಾಗಿನಿಂದ ಒಳಗಿನ ಬಟ್ಟೆಯ ಬಲಗಡೆಗೆ ಹತ್ತಿಯ ಉಂಡೆ ತುರುಕಿಕೊಂಡು ಓಡಾಡುತ್ತಿದ್ದೇನೆ. ನೀನೂ ನಾನೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು, ಒಂದೇ ಕನ್ನಡಿಯಲ್ಲಿ ತಲೆ ಬಾಚುತ್ತಿದ್ದೆವು. ನಿನಗೂ ಗೊತ್ತಾಗದ ಹಾಗೆ ನೋಡಿಕೊಂಡೆ.

ಹೋದ ತಿಂಗಳು ಮಿಲ್ಲಿನಲ್ಲಿ ಒಂದು ಅವಮಾನವಾಯಿತು. ನಾನು ನೂಲು ಸುತ್ತುವ ಶೆಡ್ಡಿನಲ್ಲಿರುವುದು ನಿನಗೆ ಗೊತ್ತಲ್ಲ. ನೂಲು ಸುತ್ತಿದ ಕೋನುಗಳ ಪೆಟ್ಟಿಗೆ ಎತ್ತಲು ಬಗ್ಗಿದಾಗ ಹುಕ್ಕು ಕಿತ್ತುಹೋಗಿ ಉಂಡೆ ಜಾರಿ ನೆಲಕ್ಕೆ ಬಿತ್ತು. ನಮ್ಮ ಶೆಡ್ಡಿನ ನೆಲದ ಮೇಲೆ ಹತ್ತಿಗೇನೂ ಬರವಿಲ್ಲ, ಬರೀ ಹತ್ತಿಯಾಗಿದ್ದರೆ ಯಾರೂ ನೋಡುತ್ತಿರಲಿಲ್ಲ. ಆದರೆ ನಾನು ಅದನ್ನು ತೆಳುಬಟ್ಟೆಯಲ್ಲಿ ಸುತ್ತಿ, ಆಕಾರ ಕೊಟ್ಟು ಹೊಲಿದಿದ್ದೆ. ಪಕ್ಕದ ಮೆಷಿನ್ನಿನಲ್ಲಿ ಒಬ್ಬಳಿದ್ದಾಳೆ. ಅಷ್ಟು ಸದ್ದಿನಲ್ಲೂ ಅವಳ ಮಾತು ಆಚೆ ಗೋಡೆಗೆ ಕೇಳುತ್ತದೆ, ಅದಕ್ಕೇ ಎಲ್ಲರೂ ಅವಳನ್ನು ದೊಡ್ಡಗಂಟಲು ಎನ್ನುತ್ತಾರೆ. ಅವಳು ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಇದ್ಯಾರದ್ರಮ್ಮಾ, ಕಳಚಿ ಬಿದ್ದಿದೆ" ಎಂದಳು. ಇಡೀ ಶೆಡ್ಡು ನಕ್ಕಿತು. ನಾನೂ ನಕ್ಕೆ. ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದೆನಾದ್ದರಿಂದ ಯಾರದೆಂದು ಎಲ್ಲರಿಗೂ ಗೊತ್ತಾಗಿಹೋಯಿತು.

ಆಮೇಲೆ ಪೇಟೆಯ ಆಸ್ಪತ್ರೆಗೆ ಹೋದೆ. ಸರ್ಜನ್ ಹೆಂಗಸು, ಅದೊಂದು ಪುಣ್ಯ. ಚಿಕ್ಕದನ್ನು ತುಂಬಿಸಿ, ದೊಡ್ಡದನ್ನು ಸ್ವಲ್ಪ ಎತ್ತಿ ಕಟ್ಟಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ ಎಂದರು. ಪೂರ್ತಿ ಅವಳಿಜವಳಿ ಆಗುವುದಿಲ್ಲ, ಅಕ್ಕತಂಗಿ ಥರ ಆಗುತ್ತವೆ ಎಂದು ನಕ್ಕರು. ಏಪ್ರಿಲ್ ಕೊನೆಗೆ ಮಾಡಬಹುದಂತೆ. ಅಷ್ಟರೊಳಗೆ ನಾನು ತಯಾರಾಗಬೇಕು. ರಕ್ತ ಕಡಿಮೆಯಿದೆ, ಕಬ್ಬಿಣದ ಮಾತ್ರೆ ತಗೋಬೇಕು. ದಿನಾ ನಡೆಯಬೇಕು, ತೂಕ ಏರಿಳಿಯಬಾರದು. ವಯಸ್ಸು ನಲವತ್ತು ದಾಟಿದ್ದರಿಂದ ಎದೆಯ ಎಕ್ಸ್‌ರೇ ಆಗಬೇಕು. ಸೊಂಟನೋವಿಗೆ ನಾನು ನುಂಗುವ ಮಾತ್ರೆಯಿಂದ ರಕ್ತ ನಿಲ್ಲುವುದು ತಡವಾಗುತ್ತದಂತೆ, ಅದಕ್ಕೆ ಬೇರೆ ಬರೆದುಕೊಟ್ಟಿದ್ದಾರೆ. ಆಪರೇಷನ್ ಆದ ಮೇಲೆ ಕೆಲವು ವಾರ ಕೈ ಮೇಲೆತ್ತುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ, ಮೊದಲ ದಿನಗಳಲ್ಲಿ ಜೊತೆಗೆ ಒಬ್ಬರು ಇರಲೇಬೇಕು.

ಚಟಗಳ ಬಗ್ಗೆಯೂ ಕೇಳಿದರು. "ಸಿಗರೇಟು ಸೇದ್ತೀರಾ?" ಎಂದರು. ಇಲ್ಲ ಎಂದೆ. ಕುಡಿಯುವುದೂ ಇಲ್ಲ ಎಂದೆ.

ನಿನಗೆ ಏಪ್ರಿಲ್‌ನಲ್ಲಿ ಸ್ಕೂಲಿಗೆ ರಜೆ. ಬರುತ್ತೀಯಾ ಅಕ್ಕ? ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ ನನ್ನದು, ನಿನಗೆ ಮಂಚ ಕೊಟ್ಟು ನಾನು ಚಾಪೆ ಹಾಸಿಕೊಳ್ಳುತ್ತೇನೆ ಎಂದು ಬರೆಯಹೊರಟಿದ್ದೆ. ಆಪರೇಷನ್ ಆದವಳೇ ನಾನಲ್ಲವೇ, ನೋಡು ತಲೆ ಹೇಗೆ ಕೆಟ್ಟಿದೆ.

ನಿನ್ನ ತಂಗಿ


ಫೆಬ್ರವರಿ ೧೧

ಮೊಂಡಿ,

ನಿನ್ನ ಕಾಗದ ಓದಿದೆ, ಹರಿದೆ, ಒಲೆಗೆ ಹಾಕಿದೆ. ಭಾವನಿಗೆ ಒಂದಕ್ಷರ ಹೇಳಿಲ್ಲ. ಹೆದರಬೇಡ.

ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡು. ಗಂಡು ಯಾರು? ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂದರೆ ಯಾರೋ ಇದ್ದಾರೆ ಎಂದೇ ಅರ್ಥ. ಮಿಲ್ಲಿನ ಆಫೀಸಿನಲ್ಲಿ ಒಬ್ಬ ಹೆಂಡತಿ ಸತ್ತ ಗುಮಾಸ್ತ ಇದ್ದಾನೆ, ನಿನಗೆ ಛತ್ರಿ ಕೊಟ್ಟ ಎಂದು ಒಮ್ಮೆ ಹೇಳಿದ್ದೆ. ಅವನೋ? ಆಗಲಿ, ಅದಕ್ಕೇನು. ಆದರೆ ಅವನಿಗೋಸ್ಕರ ಕತ್ತರಿಗೆ ಮೈ ಒಡ್ಡುತ್ತೀಯಾದರೆ ಮೊದಲು ಆ ಮನುಷ್ಯನನ್ನು ನನ್ನ ಎದುರಿಗೆ ತಂದು ನಿಲ್ಲಿಸು.

ಎರಡನೆಯದು. ಎದೆ, ಆ ಕಡೆ, ಈ ಕಡೆ, ಉಂಡೆ ಎಂದು ಸುತ್ತಿ ಬಳಸಿ ಬರೆದಿದ್ದೀಯ. ಮೊಲೆ ಎಂದು ಬರೆದರೆ ಕಾಗದ ಹರಿದುಹೋಗುವುದಿಲ್ಲ.

ಮೂರನೆಯದಕ್ಕೆ ಈಗಲೇ ಎದ್ದು ನಿಂತುಕೋ. ಬೆಳಿಗ್ಗೆ ಶಿಫ್ಟಿಗೆ ಮುಂಚೆ ಅರ್ಧ ಗಂಟೆ ಬಿರುಸಾಗಿ ನಡೆ. ಅಂಗಡಿ ಕಿಟಕಿ ನೋಡಿಕೊಂಡು ತೇಲಾಡುವುದು ನಡಿಗೆಯಲ್ಲ. ಸೊಪ್ಪು, ಕಾಳು, ಮೊಟ್ಟೆ ತಿನ್ನು. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡ, ಮೈಗೆ ಹತ್ತುವುದಿಲ್ಲ. ಬೋರಲು ಮಲಗುವವಳು ನೀನು. ಇವತ್ತಿನಿಂದಲೇ ಅಂಗಾತ ಮಲಗಿ ಅಭ್ಯಾಸ ಮಾಡು, ಆಮೇಲೆ ಬೇರೆ ದಾರಿ ಇರುವುದಿಲ್ಲ. ಮುಂದೆ ಗುಂಡಿ ಇರುವ ಸಡಿಲ ಅಂಗಿ ನಾಲ್ಕು ತೆಗೆದಿಡು. ದಿನಾ ಬೇಕಾಗುವ ಪಾತ್ರೆ, ಸೋಪು, ಚಹಾಪುಡಿ ಎಲ್ಲ ಸೊಂಟದ ಎತ್ತರಕ್ಕೆ ಇಳಿಸಿಡು. ಮೂವತ್ತು ವರ್ಷ ಸ್ಕೂಲಿನ ಮೈದಾನದಲ್ಲಿ ಹುಡುಗಿಯರನ್ನು ಓಡಿಸಿದವಳು ನಾನು, ನನ್ನ ಒಬ್ಬಳೇ ತಂಗಿಯನ್ನು ತಯಾರು ಮಾಡದೆ ಬಿಡುತ್ತೇನೆಯೇ?

ಬರುತ್ತೇನೆ. ಮಂಚ ನಿನಗೇ ಇರಲಿ.

ಅಕ್ಕ


ಫೆಬ್ರವರಿ ೨೨

ಅಕ್ಕ,

ಗಂಡು ಗಿಂಡು ಯಾರೂ ಇಲ್ಲ. ಆ ಗುಮಾಸ್ತರು ಛತ್ರಿ ಕೊಟ್ಟು, ಮಾರನೇ ದಿನವೇ ವಾಪಸ್ಸು ಕೇಳಿದರು. ನನ್ನ ಪಾಡಿಗೆ ನಾನು ಒಂದು ಅಂಗಿ ಹಾಕಿಕೊಂಡು, ಕೈ ಅಡ್ಡ ಇಡದೆ ರಸ್ತೆಯಲ್ಲಿ ನಡೆಯಬೇಕು. ಇಷ್ಟೇ ಆಸೆ. ಇದನ್ನು ನಂಬುವುದು ಕಷ್ಟವಾದರೆ ಬಿಡು.

ನಡೆಯುತ್ತಿದ್ದೇನೆ. ಕಾಲುವೆಯ ದಂಡೆಯ ಮೇಲೆ ಹೋಗಿ ಮಿಲ್ಲಿನ ಹಿಂದಿನ ಗೇಟಿಗೆ ಬರುತ್ತೇನೆ. ಎಕ್ಸ್‌ರೇ ಆಯಿತು, ಏನೂ ತೊಂದರೆ ಇಲ್ಲವಂತೆ. ತೆಗೆದ ಹುಡುಗಿ ಒಳ್ಳೆಯವಳು, ಮುಖ ನೋಡದೆ ಕೆಲಸ ಮಾಡಿದಳು. ಅಂಗಾತ ಮಲಗಲು ಹೋಗಿ ರಾತ್ರಿಯೆಲ್ಲ ಗೊರಕೆ ಹೊಡೆಯುತ್ತೇನೆಂದು ಪಕ್ಕದ ಕೋಣೆಯವರು ದೂರಿದ್ದಾರೆ.

ಈಗ ಇನ್ನೊಂದು ವಿಷಯ. ಮೊದಲನೇ ಕಾಗದದಲ್ಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಡಾಕ್ಟರಮ್ಮ ಸಿಗರೇಟು ಸೇದುತ್ತೀರಾ ಎಂದು ಕೇಳಿದಾಗ ಇಲ್ಲ ಎಂದೆನಲ್ಲ, ಅದು ಸುಳ್ಳಲ್ಲ. ಆದರೆ ನಾನು ನಶ್ಯ ಹಾಕುತ್ತೇನೆ.

ಬೈಯುವ ಮೊದಲು ಕೇಳು. ಹತ್ತಿ ಇರುವ ಕಡೆ ಬೆಂಕಿಕಡ್ಡಿ ಗೀರುವ ಹಾಗಿಲ್ಲ. ಗೇಟಿನಲ್ಲೇ ಜೇಬು ತಡಕುತ್ತಾರೆ. ಹಾಗಾಗಿ ನಮ್ಮ ಶೆಡ್ಡಿನಲ್ಲಿ ಗಂಡಸರು, ಹೆಂಗಸರು ಎಲ್ಲರೂ ನಶ್ಯವೇ. ಗಾಳಿಯಲ್ಲಿ ಹಾರುವ ಹತ್ತಿಯ ಧೂಳಿಗೆ ಮೂಗು ಕಟ್ಟುತ್ತದೆ, ಒಂದು ಚಿಟಿಕೆ ಏರಿಸಿ ಸೀನಿದರೆ ಬಿಡುತ್ತದೆ ಎಂದು ಸೇರಿದ ವಾರವೇ ಕಲಿಸಿದರು. ಚಹಾದ ಗಂಟೆ ಹೊಡೆದಾಗ ಮೆಷಿನ್ನು ನಿಲ್ಲುತ್ತದೆ, ಒಂದೇ ಡಬ್ಬಿ ಕೊನೆಯ ಸಾಲಿನಿಂದ ಕೈಯಿಂದ ಕೈಗೆ ಬರುತ್ತದೆ. ಡಬ್ಬಿ ಬಂದಾಗ ಬೇಡ ಎಂದವಳು ಕೊಟ್ಟವಳ ಮೇಲೆ ಮುನಿಸಿಕೊಂಡಿದ್ದಾಳೆ ಎಂದೇ ಲೆಕ್ಕ. ನನಗೆ ಕೊಡುವವಳು ಯಾರು ಗೊತ್ತೇ? ದೊಡ್ಡಗಂಟಲು. ನಾನೀಗ ಬೇಡ ಎಂದರೆ ಆ ಉಂಡೆಯ ವಿಷಯ ಇನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ ಎನ್ನುತ್ತಾರೆ. ಮತ್ತೆ ಅದೇ ಮಾತು ಎದ್ದು ಕೂರುತ್ತದೆ.

ನಶ್ಯ ಸೇದುವುದಲ್ಲ, ಹೊಗೆಯೂ ಇಲ್ಲ. ಅದೂ ಲೆಕ್ಕಕ್ಕೆ ಬರುತ್ತದೆಯೇ? ಹೆಂಗಸಾಗಿ ಅಂಥ ಡಾಕ್ಟರ ಎದುರು ಕೂತು ನಶ್ಯ ಹಾಕುತ್ತೇನೆ ಎಂದು ಹೇಗೆ ಹೇಳಲಿ? ಅವರ ಟೇಬಲ್ಲಿನ ಮೇಲೆ ಹೂವಿಟ್ಟಿರುತ್ತಾರೆ. ನಿನಗೆ ಹೇಳಿದ್ದೇ ಹೆಚ್ಚು.

ತಂಗಿ


ಮಾರ್ಚ್ ೨

ಮೊಂಡಿ,

ನಿನ್ನ ಕರವಸ್ತ್ರ ಯಾವಾಗಲೂ ಕಂದು ಬಣ್ಣಕ್ಕೆ ಯಾಕಿರುತ್ತದೆ ಎಂದು ಹೋದ ಸಲ ಬಂದಾಗ ಕೇಳಿದ್ದೆ. ಮಿಲ್ಲಿನ ಎಣ್ಣೆ ಎಂದಿದ್ದೆ. ಮಿಲ್ಲಿನ ಎಣ್ಣೆಯಂತೆ. ನಾನು ಬುದ್ಧುವಿನ ಹಾಗೆ ಸೋಡಾ ಹಾಕಿ ಕುದಿಸಿ ಒಗೆದುಕೊಟ್ಟೆ.

ಬೈದು ಮುಗಿಯಿತು. ಈಗ ಕೇಳು. ಲೆಕ್ಕಕ್ಕೆ ಬರುತ್ತದೆ. ಹೊಗೆಯಲ್ಲ ತೊಂದರೆ, ಹೊಗೆಸೊಪ್ಪೇ ತೊಂದರೆ. ನಮ್ಮ ಸ್ಕೂಲಿಗೆ ತಪಾಸಣೆಗೆ ಬರುವ ಡಾಕ್ಟರನ್ನು ಯಾರ ವಿಷಯವೆಂದು ಹೇಳದೆ ಕೇಳಿದೆ. ಮೂಗಿನಲ್ಲಿ ಹೋದರೂ, ಬಾಯಲ್ಲಿ ಹೋದರೂ ರಕ್ತನಾಳ ಮುದುಡುತ್ತದಂತೆ. ಕೊಯ್ದು ಹೊಲಿದ ಜಾಗಕ್ಕೆ ರಕ್ತ ಹೋಗದಿದ್ದರೆ ಗಾಯ ಕೂಡುವುದಿಲ್ಲ, ಚರ್ಮ ಕಪ್ಪಾಗಿ ಸತ್ತುಹೋಗಬಹುದು, ಮೊಲೆತೊಟ್ಟೇ ಹೋಗಬಹುದು. ಆಪರೇಷನ್ನಿಗೆ ಎಷ್ಟೋ ವಾರ ಮುಂಚೆಯೇ ಬಿಟ್ಟಿರಬೇಕು, ಆಮೇಲೂ ಮುಟ್ಟಬಾರದು.

ಇವತ್ತೇ ಬಿಡು. ನಾಳೆಯೇ ಹೋಗಿ ಡಾಕ್ಟರಮ್ಮನಿಗೆ ಹೇಳು. ಅವರ ಟೇಬಲ್ಲಿನ ಹೂವು ಬಾಡುವುದಿಲ್ಲ. ದೊಡ್ಡಗಂಟಲು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಈ ಕಾಗದವನ್ನು ಭಾವನ ಕೈಯಲ್ಲಿ ಪೋಸ್ಟಿಗೆ ಕಳಿಸುತ್ತಿದ್ದೇನೆ. ಒಳಗೇನಿದೆ ಎಂದು ಅವರಿಗೆ ಗೊತ್ತಿಲ್ಲ.

ಅಕ್ಕ

(ಹಿಂಬದಿಯಲ್ಲಿ, ಬೇರೆ ಕೈಬರಹ)

ತಂಗಿಗೆ ಭಾವನ ಆಶೀರ್ವಾದಗಳು. ಕವರು ಅಂಟಿಸುವ ಮುಂಚೆ ನನ್ನದೂ ಎರಡು ಸಾಲು. ಆ ಹತ್ತಿ ಉಂಡೆಯ ಪ್ರಸಂಗಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಮ್ಮ. ನಿಮ್ಮಕ್ಕ ಓದಿ ಹೇಳಿದಾಗ ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು ನಿಜ, ಆದರೆ ಪ್ರೀತಿಯಿಂದ ನಕ್ಕಿದ್ದು. ಎಲ್ಲ ಚೆನ್ನಾಗಿ ಆಗುತ್ತದೆ. ಧೈರ್ಯವಾಗಿರು.


ಮಾರ್ಚ್ ೧೨

ಅಕ್ಕನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ನೀವು ಹೇಳಿದಂತೆಯೇ ಎಲ್ಲ ಮಾಡಿದ್ದೇನೆ. ಆ ಚಟವನ್ನು ಬಿಟ್ಟಿದ್ದೇನೆ. ಡಾಕ್ಟರಿಗೂ ತಿಳಿಸಿದ್ದೇನೆ, ತೊಂದರೆ ಇಲ್ಲ ಎಂದಿದ್ದಾರೆ. ಏಪ್ರಿಲ್ ೨೨ಕ್ಕೆ ಆಪರೇಷನ್ ನಿಗದಿಯಾಗಿದೆ. ಅದಕ್ಕೆ ಒಂದು ವಾರ ಮುಂಚೆ ಕೊನೆಯ ಪರೀಕ್ಷೆ.

ನೀವು ರಜೆ ಹಾಳು ಮಾಡಿಕೊಂಡು ಬರುವುದು ಬೇಡ. ಆಸ್ಪತ್ರೆಯಲ್ಲಿ ಸಂಬಳ ಕೊಟ್ಟರೆ ನೋಡಿಕೊಳ್ಳುವವರು ಸಿಗುತ್ತಾರೆ. ಭಾವನವರಿಗೆ ನನ್ನ ವಂದನೆಗಳನ್ನು ತಿಳಿಸಿ.

ಇತಿ


ಮಾರ್ಚ್ ೧೯

ಮೊಂಡಿ,

ಇದ್ಯಾವ ಸೀಮೆಯ ಕಾಗದ? ನೀವು, ತಿಳಿಸಿ, ವಂದನೆಗಳು. ನಮ್ಮ ಹೆಡ್‌ಮಿಸ್ಟ್ರೆಸ್ಸಿಗೆ ನಾನು ರಜೆ ಅರ್ಜಿ ಬರೆದ ಹಾಗಿದೆ. ಓದಿ ನನಗೆ ಒಂದು ಗಳಿಗೆ ಕಸಿವಿಸಿಯಾಯಿತು. ಆಮೇಲೆ ಅರ್ಥವಾಯಿತು. ಹೊಗೆಸೊಪ್ಪು ಬಿಟ್ಟವರಿಗೆ ಮೊದಲ ವಾರಗಳಲ್ಲಿ ಸಿಡುಕು ಜಾಸ್ತಿಯಂತೆ, ತಲೆನೋವು, ಯಾರನ್ನು ಕಂಡರೂ ಆಗದಂತೆ. ಹಾಗಾದರೆ ನೀನು ನಿಜವಾಗಿಯೂ ಬಿಟ್ಟಿದ್ದೀಯ. ನನಗೆ ಸಿಟ್ಟು ಬರುವ ಬದಲು ಸಂತೋಷವಾಯಿತು.

ನೀರು ಜಾಸ್ತಿ ಕುಡಿ. ಚಿಟಿಕೆ ನೆನಪಾದಾಗ ಲವಂಗ ಬಾಯಲ್ಲಿಟ್ಟುಕೋ. ಸಂಬಳದವರಂತೆ, ನೋಡಿಕೊಳ್ಳುತ್ತಾರಂತೆ. ಟಿಕೆಟ್ ತೆಗೆಸಿಯಾಗಿದೆ, ಬಾಗಿಲು ತೆಗೆಯದಿದ್ದರೆ ಸೈಕಲ್ ಅಂಗಡಿಯಲ್ಲಿ ಮಲಗುತ್ತೇನೆ. ನನ್ನನ್ನು ಮತ್ತೆ ನೀವು ಎಂದರೆ ನೋಡು.

ಅಕ್ಕ


ಮಾರ್ಚ್ ೩೧

ತಂಗಿ,

ನಿನ್ನ ಉತ್ತರ ಬರಲಿಲ್ಲ. ಫೋನು ಮಾಡಿದರೆ ಎತ್ತುತ್ತಿಲ್ಲ. ಸಿಡುಕು ಇಷ್ಟು ದಿನ ಇರುತ್ತದೆಯೇ ಎಂದು ಯೋಚಿಸುತ್ತಾ ನಿನ್ನೆ ಊಟಕ್ಕೆ ಕೂತಿದ್ದೆ. ಭಾವ ಅನ್ನ ಕಲಸುತ್ತಾ ಕೇಳಿದರು, "ನಾನು ಬರೆದ ಎರಡು ಸಾಲಿಗೆ ಅವಳೇನಂದ್ಲು? ಸ್ವಲ್ಪ ಸಮಾಧಾನ ಆಯ್ತಂತಾ?"

ಏನು ಬರೆದಿರಿ ಎಂದೆ. ಹೇಳಿದರು. ಒಂದಕ್ಷರ ಬಿಡದೆ ಹೇಳಿದರು, ಒಳ್ಳೆಯ ಕೆಲಸ ಮಾಡಿದ ಮುಖ ಮಾಡಿಕೊಂಡು. ನಾನು ತಟ್ಟೆ ಬಿಟ್ಟು ಎದ್ದೆ.

ತಪ್ಪು ಅವರದಲ್ಲ. ನಿನ್ನ ಮೊದಲನೇ ಕಾಗದ ಬಂದಾಗ ಅಡುಗೆಮನೆಯಲ್ಲಿ ನಿಂತೇ ಓದಿದೆ. ದೊಡ್ಡಗಂಟಲು ಅದನ್ನು ಎತ್ತಿ ಹಿಡಿದಳು ಎನ್ನುವಲ್ಲಿ ನನಗೆ ನಗು ಬಂತು, ತಡೆಯಲಾಗಲಿಲ್ಲ. ಏನು ಅಷ್ಟು ನಗು ಎಂದು ಇವರು ಕೇಳಿದರು. ಓದಿ ಹೇಳಿದೆ. ಇಡೀ ಕಾಗದ. ಅವಳ ಗಂಟಲನ್ನು ಅಣಕಿಸಿಯೂ ತೋರಿಸಿದೆ. ಆಮೇಲೆ ಹರಿದೆ, ಒಲೆಗೆ ಹಾಕಿದೆ, ಮತ್ತು ಭಾವನಿಗೆ ಒಂದಕ್ಷರ ಹೇಳಿಲ್ಲ ಎಂದು ನಿನಗೆ ಬರೆದೆ. ಬರೆಯುವಾಗ ಕೈ ಅಳುಕಲೇ ಇಲ್ಲ. ಅದನ್ನು ನೆನೆದರೆ ಈಗ ಮೈಯೆಲ್ಲ ಹಿಡಿಯಾಗುತ್ತದೆ.

ನಿನ್ನ ಶೆಡ್ಡಿನವರು ಮೆಷಿನ್ನಿನ ಎದುರು ನಕ್ಕರು. ನಾನು ಒಲೆಯ ಎದುರು ನಕ್ಕೆ. ಅವರಾದರೂ ನಿನ್ನ ಅಕ್ಕಂದಿರಲ್ಲ. ಕ್ಷಮಿಸು ಎನ್ನುವುದಕ್ಕೂ ಮುಖವಿಲ್ಲ.

ಒಂದೇ ಒಂದು ಕೇಳುತ್ತೇನೆ. ಆ ನೀವು ಎಂಬ ಕಾಗದವನ್ನು ಸಿಟ್ಟಿನಲ್ಲಿ ಬರೆದೆ. ಅದರಲ್ಲಿ ಬರೆದದ್ದೆಲ್ಲ ನಿಜವೇ? ನಶ್ಯ ಬಿಟ್ಟಿದ್ದೀಯಾ? ಡಾಕ್ಟರಿಗೆ ಹೇಳಿದ್ದೀಯಾ?

ಅಕ್ಕ


ಏಪ್ರಿಲ್ ೬

ಅಕ್ಕ,

ಬಿಟ್ಟಿಲ್ಲ. ಹೇಳಿಲ್ಲ.

ಭಾವನ ಎರಡು ಸಾಲು ಓದಿದ ದಿನ ನಾನು ಮೆಟ್ಟಿಲ ಮೇಲೆ ಕೂತಿದ್ದೆ, ಕೆಳಗೆ ಸೈಕಲ್ಲಿನವನು ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ. ಅವನು ತಲೆಯೆತ್ತಿ ನಕ್ಕ, ದಿನಾ ನಗುತ್ತಾನೆ. ಅವನಿಗೂ ಗೊತ್ತು ಎನಿಸಿತು. ಎರಡು ದಿನ ರಸ್ತೆಯಲ್ಲಿ ಕಂಡವರಿಗೆಲ್ಲ ಗೊತ್ತು ಎನಿಸುತ್ತಿತ್ತು. ಕೆಲಸಕ್ಕೆ ಹೋಗಿ ಡಬ್ಬಿ ಬರುವುದನ್ನೇ ಕಾದು ದೊಡ್ಡ ಚಿಟಿಕೆ ಏರಿಸಿದೆ. ಆಮೇಲೆ ನಿನಗೆ ಬಿಟ್ಟಿದ್ದೇನೆ ಎಂದು ಬರೆದೆ. ನೀನು ನನಗೆ ಸುಳ್ಳು ಬರೆಯಬಹುದಾದರೆ ನಾನು ಬರೆದರೇನು ಎಂದುಕೊಂಡೆ. ಆ ಸುಳ್ಳಿನಿಂದ ನಷ್ಟ ನಿನಗಲ್ಲ, ನನಗೇ ಎಂಬುದು ಆಗ ಹೊಳೆಯಲಿಲ್ಲ.

ನಿನಗೆ ನಗು ಬಂತಲ್ಲ, ಅದರ ಇನ್ನೊಂದು ಕಡೆಯನ್ನೂ ಹೇಳುತ್ತೇನೆ. ಅಮ್ಮ ತೋರಿಸಿದ ಗಂಡುಗಳನ್ನೆಲ್ಲ ನಾನು ಬೇಡ ಎಂದೆ. ಒಬ್ಬನ ಕಿವಿ ದೊಡ್ಡದು ಎಂದೆ, ಒಬ್ಬನ ಮಾತು ಸರಿಯಿಲ್ಲ ಎಂದೆ. ಕೊನೆಯವನಿಗೆ ಏನೂ ಹೇಳಲು ಸಿಗದೆ ಸುಮ್ಮನೆ ಬೇಡ ಎಂದೆ. ಅಮ್ಮ ಅತ್ತಳು. ಇವಳಿಗೆ ಕೊಬ್ಬು ಎಂದೆ ನೀನು. ಮೊಂಡಿ ಎಂದು ಹೆಸರಿಟ್ಟಿದ್ದೂ ಆಗಲೇ. ಆ ಕೊನೆಯವನು ನನಗೆ ಇಷ್ಟವಾಗಿದ್ದ ಅಕ್ಕ. ಇಷ್ಟವಾಗಿದ್ದಕ್ಕೇ ಬೇಡ ಎಂದೆ. ಮದುವೆಯಾದ ದಿನ ದೀಪ ಆರಿಸಲು ಹೇಳಬಹುದು, ಕೈ ಎಲ್ಲಿ ಇಡಬೇಡ ಎಂದು ಹೇಗೆ ಹೇಳುವುದು? ಇಷ್ಟವಿಲ್ಲದವನು ಮುಖ ಸಿಂಡರಿಸಿದರೆ ತಡೆದುಕೊಳ್ಳಬಹುದಿತ್ತು. ಅವನು ಸಿಂಡರಿಸಿದ್ದರೆ ಆಗುತ್ತಿರಲಿಲ್ಲ.

ಇನ್ನು ನಶ್ಯ. ಬಿಡಲು ಪ್ರಯತ್ನ ಮಾಡಿದೆ. ಚಿಟಿಕೆ ತೆಗೆದುಕೊಂಡು ಬೆರಳ ಸಂದಿಯಲ್ಲೇ ಉದುರಿಸಿ ಸುಮ್ಮನೆ ಮೂಗಿಗೆ ಮುಟ್ಟಿಸಿ ಸೀನುವ ನಾಟಕ ಮಾಡಿದೆ. ಬೆರಳಿಗೆ ಅಂಟಿದ್ದರ ವಾಸನೆ ಹಿಡಿದು ಮೂರನೇ ದಿನಕ್ಕೆ ನಿಜವಾದ ಚಿಟಿಕೆಯೇ ಒಳಗೆ ಹೋಯಿತು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಆಪರೇಷನ್ ಎಂದರೆ ಯಾವ ಆಪರೇಷನ್ ಎನ್ನುತ್ತಾರೆ. ಯಾವುದನ್ನು ಮುಚ್ಚಲು ಈ ಆಪರೇಷನ್ನೋ ಅದನ್ನೇ ಬಿಚ್ಚಿ ಹೇಳಿದ ಹಾಗಾಗುತ್ತದೆ.

೧೫ಕ್ಕೆ ಕೊನೆಯ ಪರೀಕ್ಷೆ. ಅಲ್ಲೂ ಏನೂ ಹೇಳುವುದಿಲ್ಲ ಎಂದುಕೊಂಡಿದ್ದೇನೆ. ಹೇಳಿದರೆ ಮುಂದಕ್ಕೆ ಹಾಕುತ್ತಾರೆ. ಮುಂದಕ್ಕೆ ಹಾಕಿದರೆ ಇನ್ನೊಮ್ಮೆ ಧೈರ್ಯ ಬರುವುದಿಲ್ಲ ಎಂದು ನನಗೆ ಗೊತ್ತು. ಆದದ್ದಾಗಲಿ.

ತಂಗಿ


ಏಪ್ರಿಲ್ ೧೦

ತಂಗಿ,

ಮೊಂಡಿ ಎಂದು ಇನ್ನು ಕರೆಯುವುದಿಲ್ಲ.

ನಿನ್ನ ಕಾಗದ ಬಂದ ತಕ್ಷಣ ಆಸ್ಪತ್ರೆಯ ನಂಬರು ಹುಡುಕಿದೆ. ನಾನೇ ಆ ಡಾಕ್ಟರಮ್ಮನಿಗೆ ಹೇಳಿಬಿಡೋಣ, ಆಮೇಲೆ ಇವಳು ಸಾಯುವವರೆಗೆ ಮಾತು ಬಿಟ್ಟರೂ ಸರಿ, ಚರ್ಮ ಉಳಿಯಲಿ ಎಂದುಕೊಂಡೆ. ಎರಡು ಸಲ ನಂಬರು ಒತ್ತಿದೆ. ಎರಡು ಸಲವೂ ಅಲ್ಲಿ ಎತ್ತುವ ಮುಂಚೆ ಇಟ್ಟೆ. ನಿನ್ನ ಗುಟ್ಟನ್ನು ಒಮ್ಮೆ ನಿನ್ನನ್ನು ಕೇಳದೆ ಬಾಯಿಬಿಟ್ಟಾಗಿದೆ. ಒಳ್ಳೆಯದಕ್ಕೇ ಆದರೂ ಇನ್ನೊಮ್ಮೆ ಬಿಡಲಾರೆ. ಆ ಮಾತು ನಿನ್ನದು. ಆಡುವುದಾದರೆ ನೀನೇ ಆಡಬೇಕು.

ಬುದ್ಧಿ ಹೇಳುವ ಯೋಗ್ಯತೆ ನನಗೀಗ ಇಲ್ಲ. ಅದಕ್ಕೆ ಬದಲು ನನ್ನದೊಂದು ಹೇಳುತ್ತೇನೆ. ಮಗ ಹುಟ್ಟಿದ ಮೇಲೆ ನನಗೆ ಉಚ್ಚೆ ನಿಲ್ಲುವುದಿಲ್ಲ. ಕೆಮ್ಮಿದರೆ, ಜೋರಾಗಿ ನಕ್ಕರೆ, ಕುಪ್ಪಳಿಸಿದರೆ ಒದ್ದೆ. ಓಡುವುದನ್ನು, ಹಾರುವುದನ್ನು ಕಲಿಸುವ ಟೀಚರಿಗೆ. ಮಕ್ಕಳು ನನ್ನನ್ನು ಕಟ್ಟುನಿಟ್ಟಿನವಳು, ನಿಂತ ಜಾಗದಿಂದ ಅಲ್ಲಾಡದೆ ಬರೀ ಸೀಟಿಯಲ್ಲೇ ಮೈದಾನ ಆಳುತ್ತಾಳೆ ಎನ್ನುತ್ತಾರೆ. ಅಲ್ಲಾಡದಿರುವುದು ಯಾಕೆಂದು ಈಗ ಗೊತ್ತಾಯಿತಲ್ಲ. ಒಂದು ವರ್ಷ ಹೈಜಂಪ್ ತೋರಿಸಲು ಹೋಗಿ ಪ್ಯಾಂಟು ಪೂರ್ತಿ ಒದ್ದೆಯಾಯಿತು. ಎಲ್ಲರ ಎದುರೇ ಬಿಸಿಲು ಬಿಸಿಲು ಎಂದು ಬಾಟಲಿಯ ನೀರನ್ನು ತಲೆಯಿಂದ ಕಾಲವರೆಗೆ ಸುರಿದುಕೊಂಡೆ. ಹುಡುಗಿಯರು ಚಪ್ಪಾಳೆ ತಟ್ಟಿ, ತಾವೂ ಸುರಿದುಕೊಂಡರು. ಭಾವನಿಗೆ ಇವತ್ತಿನವರೆಗೂ ಗೊತ್ತಿಲ್ಲ. ಡಾಕ್ಟರಿಗೆ ತೋರಿಸಿಲ್ಲ. ಹೇಗೆ ಹೇಳುವುದು ಎಂದು ನಿನ್ನ ಹಾಗೆಯೇ ಕೂತಿದ್ದೇನೆ.

ಈ ಕಾಗದವನ್ನು ಹರಿಯಬೇಡ. ನಿನಗೆ ಬೇಕೆನಿಸಿದರೆ ಚಹಾದ ಹೊತ್ತಿನಲ್ಲಿ ಶೆಡ್ಡಿನಲ್ಲಿ ನಿಂತು ಓದು. ಅವರು ನಗಲಿ. ಭಾವನಿಗೆ ಬೇಕಾದರೂ ಕಳಿಸು. ನಾನು ಏನೂ ಅನ್ನುವುದಿಲ್ಲ.

೧೫ನೇ ತಾರೀಕು ಇಡೀ ದಿನ ನಾನು ಫೋನು ಕೈಯಲ್ಲಿ ಹಿಡಿದಿರುತ್ತೇನೆ. ನೀನು ಮಾಡಬೇಕೆಂದಿಲ್ಲ.

ಅಕ್ಕ


ಏಪ್ರಿಲ್ ೨೯

ಅಕ್ಕ,

೧೫ಕ್ಕೆ ಫೋನು ಮಾಡಲಿಲ್ಲ, ಆಮೇಲೂ ಮಾಡಲಿಲ್ಲ. ಟಿಕೆಟ್ ರದ್ದು ಮಾಡು ಎಂದು ಬರೀ ಒಂದು ಸಾಲು ಮೆಸೇಜು ಕಳಿಸಿದೆ. ಅದನ್ನು ನೋಡಿ ನೀನು ಏನೇನು ಅಂದುಕೊಂಡೆಯೋ. ಇಷ್ಟು ದಿನ ಬರೆಯಲು ಆಗಲಿಲ್ಲ.

ಅವತ್ತು ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿದರು, ಏರಿದೆ, ಭೇಷ್ ಎಂದರು. ತೂಕ ಸರಿಯಿದೆ ಎಂದರು. ಎಲ್ಲ ಚೆನ್ನಾಗಿ ತಯಾರಾಗಿದ್ದೀರಿ, ಯಾರು ಹೇಳಿಕೊಟ್ಟರು ಎಂದು ಕೇಳಿದರು. ನಮ್ಮಕ್ಕ ಎಂದೆ. ಅವರು ಪೆನ್ನು ತೆಗೆದು ಕೊನೆಯ ಸಹಿ ಹಾಕುತ್ತಿದ್ದರು. "ನಾನು ನಶ್ಯ ಹಾಕ್ತೀನಿ. ನಿನ್ನೆನೂ ಹಾಕಿದ್ದೆ" ಎಂದೆ. ಅವರ ಮುಖ ನೋಡಲಿಲ್ಲ, ನನ್ನ ಚಪ್ಪಲಿ ನೋಡುತ್ತಿದ್ದೆ.

ಪೆನ್ನು ಮುಚ್ಚಿದ ಸದ್ದು ಕೇಳಿಸಿತು. "ನಾನು ಕೇಳಿದ್ದೇ ತಪ್ಪು, ಸಿಗರೇಟು ಅಂತ ಮಾತ್ರ ಕೇಳಿದೆ. ಇವತ್ತು ಹೇಳಿದ್ರಲ್ಲ, ಒಳ್ಳೇದಾಯ್ತು. ಚರ್ಮ ಸತ್ತಮೇಲೆ ಹೇಳಿದ್ರೆ ನಾನೇನೂ ಮಾಡೋಕಾಗ್ತಿರ್ಲಿಲ್ಲ" ಎಂದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ತಾರೀಕು ಹೊಡೆದುಹಾಕಿದರು. ನಶ್ಯ ಪೂರ್ತಿ ಬಿಟ್ಟ ದಿನದಿಂದ ಆರು ವಾರ ಆಗಬೇಕು, ಮತ್ತೆ ಪರೀಕ್ಷೆ ಮಾಡಿಯೇ ಮುಂದಿನ ಮಾತು. ಬಸ್ಸಿನಲ್ಲಿ ಬರುವಾಗ ಅತ್ತೆ. ಕಿಟಕಿಯ ಕಡೆ ತಿರುಗಿ ಅತ್ತದ್ದರಿಂದ ಯಾರೂ ನೋಡಲಿಲ್ಲ.

ಮಾರನೇ ದಿನ ಡಬ್ಬಿ ಬಂತು. ನಿನ್ನ ಕಾಗದ ನನ್ನ ಅಂಗಿಯ ಜೇಬಿನಲ್ಲಿತ್ತು, ನಿಜ ಹೇಳುತ್ತೇನೆ, ಒಂದು ಗಳಿಗೆ ಅದನ್ನು ಓದಿಬಿಡಲೇ ಎನಿಸಿತು. ನಿನ್ನದಕ್ಕೆ ಅವರು ನಕ್ಕರೆ ನನ್ನದು ಮರೆತುಹೋಗುತ್ತದೆ ಎಂಬ ಆಸೆ. ಅಂಥದ್ದೊಂದು ಮನಸ್ಸಿನಲ್ಲಿ ಬಂತಲ್ಲ ಎಂದು ನನಗೇ ಹೇಸಿಗೆಯಾಯಿತು. ತನ್ನದನ್ನು ಬಚ್ಚಿಟ್ಟುಕೊಂಡವಳಿಗೆ ಇನ್ನೊಬ್ಬಳದಕ್ಕೆ ನಗುವುದು ಎಷ್ಟು ಸುಲಭ ಎಂದು ಗೊತ್ತಾಗಿ, ನೀನು ಯಾಕೆ ಭಾವನಿಗೆ ಓದಿ ಹೇಳಿದೆ ಎಂಬುದೂ ಆಗ ಅರ್ಥವಾಯಿತು. ಕಾಗದ ತೆಗೆಯಲಿಲ್ಲ. ಬೇಡ ಎಂದೆ.

"ಇನ್ನೂ ಕೋಪಾನಾ?" ಎಂದಳು ದೊಡ್ಡಗಂಟಲು. ಮೆ‍ಷಿನ್ನು ನಿಂತಿತ್ತು, ಎಲ್ಲರಿಗೂ ಕೇಳುವ ಹಾಗಿತ್ತು. ಕೋಪವಲ್ಲ, ಆಪರೇಷನ್ ಎಂದೆ. ಯಾವುದಕ್ಕೆ ಎಂದಳು. ಹೇಳಿದೆ. ನನ್ನ ಒಂದು ಮೊಲೆ ಬೆಳೆದಿಲ್ಲ, ಅವತ್ತು ಬಿದ್ದದ್ದು ನನ್ನದೇ, ಅದನ್ನು ಇನ್ನು ಇಟ್ಟುಕೊಳ್ಳಬಾರದೆಂದು ಆಪರೇಷನ್, ಅದಕ್ಕೆ ನಶ್ಯ ಹಾಕುವಂತಿಲ್ಲ ಎಂದೆ. ಕಿವಿಯಲ್ಲಿ ಬೆಂಕಿ ಹೊತ್ತಿಕೊಂಡಿತ್ತು. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಕಿಸಕ್ಕೆಂದರು. ಅವಳು ನಗಲಿಲ್ಲ. ಡಬ್ಬಿ ಮುಚ್ಚಿ, ಅವಳ ಜನ್ಮದಲ್ಲೇ ಮೊದಲ ಸಲ ಮೆಲ್ಲಗೆ, "ನೋವಾಗುತ್ತಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಈಗ ಡಬ್ಬಿ ನನ್ನನ್ನು ದಾಟಿ ಹೋಗುತ್ತದೆ. ಅವಳು ಅದರ ಬಗ್ಗೆ ಮತ್ತೆ ಮಾತಾಡಿಲ್ಲ, ಕ್ಷಮೆಯನ್ನೂ ಕೇಳಿಲ್ಲ, ಕೋನಿನ ಪೆಟ್ಟಿಗೆ ಮಾತ್ರ ತಾನೇ ಎತ್ತುತ್ತಾಳೆ.

ಹೇಳಿದ ಮೇಲೆ ಹಗುರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾಚಿಕೆ ಇದ್ದ ಹಾಗೇ ಇದೆ. ಶೆಡ್ಡಿನೊಳಗೆ ಕಾಲಿಡುವಾಗ ದಿನಾ ಮುಖ ಬಿಸಿಯಾಗುತ್ತದೆ. ತಲೆ ನೋಯುತ್ತದೆ, ಮೂಗು ಕಟ್ಟುತ್ತದೆ, ನಿದ್ದೆ ಇಲ್ಲ. ಆದರೆ ಅವತ್ತಿನಿಂದ ಮುಟ್ಟಿಲ್ಲ. ಇದನ್ನು ನಂಬು.

ಎಲ್ಲ ಸರಿಯಾದರೆ ಜೂನ್ ಮೊದಲ ವಾರವಂತೆ. ನಿನ್ನ ಸ್ಕೂಲು ತೆರೆದಿರುತ್ತದೆ, ಗೊತ್ತು. ರಜೆ ಸಿಕ್ಕರೆ ಬಾ. ಬರುವ ಮುಂಚೆ ನಿನ್ನ ತೊಂದರೆಯನ್ನು ಒಬ್ಬ ಡಾಕ್ಟರಿಗೆ ತೋರಿಸು, ಇಲ್ಲದಿದ್ದರೆ ನನ್ನ ಡಾಕ್ಟರಮ್ಮನ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಬಾಗಿಲ ಹೊರಗೆ ಕೂತಿರುತ್ತೇನೆ, ಒಳಗಿನ ಮಾತು ನಿನ್ನದೇ.

ಇನ್ನೊಂದು ಇದೆ. ಇದನ್ನು ಬರೆಯಲು ಆಗದೆ ಎರಡು ದಿನ ಕಾಗದ ಹಾಗೇ ಇಟ್ಟಿದ್ದೆ. ಬರುವುದಾದರೆ ಆಪರೇಷನ್ನಿನ ಹಿಂದಿನ ದಿನವೇ ಬಾ. ಬಾಗಿಲು ಹಾಕಿಕೊಂಡು ನಿನಗೆ ತೋರಿಸಬೇಕೆಂದಿದ್ದೇನೆ. ಇಷ್ಟು ವರ್ಷದಲ್ಲಿ ಆಸ್ಪತ್ರೆಯವರನ್ನು ಬಿಟ್ಟರೆ ಯಾರೂ ನೋಡಿಲ್ಲ. ಮಾರನೇ ದಿನದಿಂದ ಅದು ಬೇರೆಯಾಗಿಬಿಡುತ್ತದೆ. ಅದಕ್ಕೆ ಮುಂಚೆ, ಇರುವ ಹಾಗೆಯೇ, ನನ್ನವರು ಅಂತ ಒಬ್ಬರಾದರೂ ನೋಡಿರಲಿ. ನನಗೆ ತುಂಬ ನಾಚಿಕೆಯಾಗುತ್ತದೆ. ನಾನು ಬೇಡ ಎಂದರೂ ನೀನು ಮುಖ ತಿರುಗಿಸಬೇಡ.

ನಿನ್ನ ತಂಗಿ